ಹಂಚಿಕೊಂಡ ಟೆಂಪ್ಲೇಟಿನಲ್ಲಿ ವಿನ್ಯಾಸಕ್ಕೆ ಮಿತಿ ಹಾಕಿದ ಬಗೆ: ನನ್ನ ಅನುಭವ

ದೂರಶಿಕ್ಷಣದ ಕನ್ನಡ ಪಾಠಗಳನ್ನು ಸಿದ್ಧಪಡಿಸುವ ವಿಭಾಗವೊಂದರಲ್ಲಿ ಕಡತಗಳ ಜವಾಬ್ದಾರಿ ನನ್ನದು. ಪಾಠ ಬರೆಯುವವರು ಬೇರೆ ಬೇರೆ ಊರುಗಳ ಅಧ್ಯಾಪಕರು. ಅವರು ಕಳುಹಿಸುವ ವರ್ಡ್ ಕಡತಗಳು ಸಂಪಾದಕರನ್ನೂ ಕರಡು ತಿದ್ದುವವರನ್ನೂ ದಾಟಿ ಕೊನೆಗೆ ಡಿಟಿಪಿ ಮಾಡುವವರ ಕೈಗೆ ಬರುತ್ತವೆ. ಒಂದೇ ಪುಸ್ತಕದ ಪಾಠಗಳು ಒಂದೊಂದು ರೂಪದಲ್ಲಿ ಬರುತ್ತಿದ್ದುದರಿಂದ ವಿಷಯ ತಿದ್ದಲು ಇರಬೇಕಾದ ಸಮಯ ಶೀರ್ಷಿಕೆಗಳ ಗಾತ್ರ ಸರಿಪಡಿಸುವುದಕ್ಕೇ ಹೋಗುತ್ತಿತ್ತು. ಎಲ್ಲರಿಗೂ ಒಂದೇ ಟೆಂಪ್ಲೇಟ್ (ಹೊಸ ಕಡತಗಳಿಗೆ ಅಚ್ಚಾಗುವ ಮಾದರಿ ಕಡತ) ಕೊಟ್ಟು, ಅದರಲ್ಲಿ ನಾವು ಒಪ್ಪಿದ ಸ್ಟೈಲುಗಳನ್ನು (ಫಾಂಟು, ಗಾತ್ರ, ಅಂತರಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟ ವಿನ್ಯಾಸಗಳನ್ನು) ಬಿಟ್ಟು ಬೇರಾವ ವಿನ್ಯಾಸವನ್ನೂ ಮಾಡಲಾಗದಂತೆ ಮಿತಿ ಹಾಕುವ ಕೆಲಸವನ್ನು ನಾನು ಕೈಗೆತ್ತಿಕೊಂಡದ್ದು ಈ ಕಾರಣಕ್ಕೆ. ಮಿತಿ ಹಾಕುವ ಸೌಲಭ್ಯ ವರ್ಡ್‌ನಲ್ಲಿ 2003ರ ಆವೃತ್ತಿಯಿಂದಲೂ ಇದೆ, ಅದನ್ನು ಚಾಲೂ ಮಾಡಲು ಕೆಲವೇ ನಿಮಿಷ ಸಾಕು. ಶ್ರಮವೆಲ್ಲ ಇರುವುದು ಅದಕ್ಕೆ ಮುಂಚಿನ ಸಿದ್ಧತೆಯಲ್ಲಿ, ಕನ್ನಡದ ಕಡತಗಳಿಗಂತೂ ಆ ಸಿದ್ಧತೆ ಇನ್ನಷ್ಟು ಹೆಚ್ಚು ಬೇಕು.

ಮೊದಲು ಹಳೆಯ ಪಾಠಗಳನ್ನು ತೆರೆದು, ಲೇಖಕರು ಕೈಯಾರೆ ಮಾಡಿದ ವಿನ್ಯಾಸವನ್ನೆಲ್ಲ ನೋಡುತ್ತ ಹೋದೆ. ಶಿಫ್ಟ್ ಜೊತೆ ಎಫ್1 ಒತ್ತಿದರೆ ಬಲಬದಿಯಲ್ಲಿ ತೆರೆದುಕೊಳ್ಳುವ ಫಲಕವು, ಅದರ ಕೆಳಗಿನ ‘ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್’ಗೆ ಗುರುತು ಹಾಕಿದಾಗ, ಕರ್ಸರ್ ಇರುವ ಜಾಗದ ಫಾಂಟು, ಗಾತ್ರ, ಅಂತರಗಳಲ್ಲಿ ಯಾವುದು ಸ್ಟೈಲಿನಿಂದ ಬಂದದ್ದು, ಯಾವುದನ್ನು ನೇರವಾಗಿ ಹಾಕಿದ್ದು ಎಂಬುದನ್ನು ಬಿಡಿಸಿ ತೋರಿಸುತ್ತದೆ. ವಚನಗಳನ್ನು ಒಳಕ್ಕೆ ಸರಿಸಲು ಹತ್ತಾರು ಸ್ಪೇಸುಗಳು, ಹಳಗನ್ನಡ ಪದ್ಯದ ಎರಡನೆಯ ಸಾಲಿಗೆ ಟ್ಯಾಬುಗಳು, ಹೊಸ ಪುಟ ಆರಂಭಿಸಲು ಸಾಲುಸಾಲಾಗಿ ಎಂಟರ್, ಉಪಶೀರ್ಷಿಕೆಗೆ ದಪ್ಪ ಅಕ್ಷರ ಮತ್ತು ಅಡಿಗೆರೆ ಎಲ್ಲ ಕಡೆಯೂ ಇದ್ದವು. ಇವು ಯಾವುವೂ ಅಶಿಸ್ತಿನಿಂದ ಆದವುಗಳಲ್ಲ. ಪದ್ಯವು ಗದ್ಯಕ್ಕಿಂತ ಬೇರೆಯಾಗಿ ಕಾಣಬೇಕು, ಅಭ್ಯಾಸದ ಪ್ರಶ್ನೆಗಳು ಪಾಠದ ಮೈಯಿಂದ ಬಿಡಿಯಾಗಿ ನಿಲ್ಲಬೇಕು ಎಂಬ ಲೇಖಕರ ಅಪೇಕ್ಷೆ ಸರಿಯಾದದ್ದೇ. ಅದನ್ನು ಪೂರೈಸುವ ಸ್ಟೈಲು ಅವರ ಮುಂದೆ ಇರಲಿಲ್ಲ, ಅಷ್ಟೇ. ಲೇಖಕರು ಕೈಯಾರೆ ಮಾಡಿಕೊಂಡಿದ್ದ ಪ್ರತಿಯೊಂದು ವ್ಯವಸ್ಥೆಗೂ ಒಂದು ಸ್ಟೈಲನ್ನು ಒದಗಿಸದೆ ಮಿತಿ ಹಾಕಬಾರದೆಂದು ನಾನು ನಿರ್ಧರಿಸಿದ್ದು ಆಗಲೇ. ಉಪಾಯವಿಲ್ಲದ ಕಡೆ ಬರಿಯ ನಿಷೇಧ ಹೇರಿದರೆ ಜನ ಟೆಂಪ್ಲೇಟನ್ನೇ ಬದಿಗಿಟ್ಟು ಖಾಲಿ ಕಡತದಲ್ಲಿ ಬರೆಯತೊಡಗುತ್ತಾರೆ.

ಸ್ಟೈಲುಗಳಿಗೆ ಹೋಗುವ ಮುನ್ನ ಅಕ್ಷರಸಂಕೇತದ ವಿಷಯ ಹೇಳಲೇಬೇಕು, ಏಕೆಂದರೆ ಕನ್ನಡದಲ್ಲಿ ಈ ಕೆಲಸದ ಅತಿ ದೊಡ್ಡ ಅಪಾಯ ಇರುವುದು ಇಲ್ಲಿಯೇ. ನಮ್ಮ ಲೇಖಕರಲ್ಲಿ ಹಲವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಸಿದ ಪಾಠಗಳನ್ನು ಕೊಡುತ್ತಾರೆ. ಅಂತಹ ಕಡತದಲ್ಲಿ ಉಳಿದಿರುವುದು ನಿಜವಾಗಿ ಕನ್ನಡವಲ್ಲ, ಲ್ಯಾಟಿನ್ ಸಂಕೇತಗಳು. ಫಾಂಟು ಅವುಗಳ ಮೇಲೆ ಕನ್ನಡದ ಆಕಾರಗಳನ್ನು ತೊಡಿಸುತ್ತದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ, ಫಾಂಟು ಬದಲಾದ ಕೂಡಲೇ ಅಲ್ಲಿ ಕಾಣುವುದು ಒಂದು ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಚಿಕ್ಕ ಕ್ಯೂ, ಇನ್ನೊಮ್ಮೆ ಗೀಟಿನ ಎ. ವಿನ್ಯಾಸಕ್ಕೆ ಮಿತಿ ಹಾಕುವಾಗ ವರ್ಡ್ ‘ಈ ಕಡತದಲ್ಲಿ ಅನುಮತಿಯಿಲ್ಲದ ವಿನ್ಯಾಸ ಇರಬಹುದು, ತೆಗೆದುಹಾಕಬೇಕೆ’ ಎಂಬ ಅರ್ಥದ ಪ್ರಶ್ನೆ ಕೇಳುತ್ತದೆ. ಬೇರೆ ಕಡತಗಳಲ್ಲಿ ‘ಹೌದು’ ಎನ್ನುವುದೇ ವಿವೇಕ. ಹಳೆಯ ನುಡಿಯ ಕಡತದಲ್ಲಿ ಹಾಗೆ ಮಾಡಿದರೆ ನೇರವಾಗಿ ಹಾಕಿದ್ದ ಫಾಂಟು ಹೋಗಿ ಇಡೀ ಪಾಠ ಓದಲಾಗದ ಗುರುತುಗಳ ರಾಶಿಯಾಗುತ್ತದೆ. ಆದ್ದರಿಂದ ಯೂನಿಕೋಡಿಗೆ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಗೆ) ಬದಲಾಯಿಸದ ಯಾವ ಪಠ್ಯವನ್ನೂ ಟೆಂಪ್ಲೇಟಿನೊಳಗೆ ತರಬಾರದೆಂಬುದು ನಮ್ಮಲ್ಲಿ ಮೊದಲ ನಿಯಮವಾಯಿತು.

ಆ ಬದಲಾವಣೆಗೂ ಒಂದು ಕ್ರಮ ಬೇಕು. ಹಳೆಯ ಕಡತದಲ್ಲಿ ಇಂಗ್ಲಿಷ್ ಪದಗಳನ್ನೂ ಕನ್ನಡವನ್ನೂ ಬೇರ್ಪಡಿಸಿ ತೋರಿಸುವ ಏಕೈಕ ಗುರುತು ಫಾಂಟು. ಬರಿಯ ಪಠ್ಯವನ್ನಷ್ಟೇ ಎತ್ತಿ ಪರಿವರ್ತಕಕ್ಕೆ ಹಾಕಿದರೆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಹಾಗಾಗಿ ಮೊದಲು ಹುಡುಕುವ ಸೌಲಭ್ಯದಲ್ಲಿ ಫಾಂಟನ್ನು ಆಧಾರವಾಗಿಟ್ಟುಕೊಂಡು ಇಂಗ್ಲಿಷ್ ಭಾಗಗಳಿಗೆಲ್ಲ ಹಳದಿ ಬಣ್ಣ ಹಚ್ಚಿ ಒಂದು ಪ್ರತಿ ಉಳಿಸಿಕೊಳ್ಳುತ್ತೇವೆ. ಪರಿವರ್ತನೆಯಾದ ಮೇಲೆ ಆ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಜಾಗಗಳನ್ನು ಸರಿಪಡಿಸುತ್ತೇವೆ. ಅರ್ಕಾವತ್ತಿನ ಪದಗಳನ್ನು ಕರಡು ತಿದ್ದುವವರು ವಿಶೇಷವಾಗಿ ನೋಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಸಂಕೇತ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮುಂಚೆ ಬರುತ್ತದೆ. ‘ಸೂರ್ಯ’, ‘ಕಾರ್ಯ’ಗಳಂತಹ ಪದಗಳಲ್ಲಿ ಈ ಸ್ಥಾನಪಲ್ಲಟ ತಪ್ಪಿ ಹೋಗುವ ಸಾಧ್ಯತೆ ಇರುತ್ತದೆ.

ಸ್ಟೈಲುಗಳನ್ನು ರೂಪಿಸುವಾಗ ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆ: ಪಾಠದ ಮೈ, ವಚನ, ಹಳಗನ್ನಡ ಪದ್ಯ, ಉದ್ಧರಣೆ, ಅಭ್ಯಾಸದ ಪ್ರಶ್ನೆ, ಕಠಿಣ ಪದಗಳ ಅರ್ಥ. ಶೀರ್ಷಿಕೆಗಳಿಗೆ ಮಾತ್ರ ವರ್ಡ್‌ನದೇ ಹೆಡಿಂಗ್ 1, 2, 3 ಉಳಿಸಿಕೊಂಡೆ, ಏಕೆಂದರೆ ಪರಿವಿಡಿ ತಾನಾಗಿ ಮೂಡುವುದು ಅವುಗಳ ಆಧಾರದ ಮೇಲೆ. ಫಾಂಟಾಗಿ ನಿರ್ಮಲಾ ಯುಐ ಆರಿಸಿದೆ. ವಿಂಡೋಸ್ 8ರಿಂದ ಈಚೆಗೆ ಅದು ಎಲ್ಲರ ಗಣಕದಲ್ಲೂ ಇರುತ್ತದೆ, ಲೇಖಕರು ಏನನ್ನೂ ಹೊಸದಾಗಿ ಹಾಕಿಕೊಳ್ಳಬೇಕಿಲ್ಲ. ಮುದ್ರಣಕ್ಕೆ ಅದು ಅಷ್ಟು ಚೆಲುವಾದ ಫಾಂಟಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬರೆಯುವ ಹಂತದಲ್ಲಿ ಚೆಲುವಿಗಿಂತ ಎಲ್ಲ ಕಡೆ ಒಂದೇ ರೀತಿ ತೆರೆದುಕೊಳ್ಳುವುದು ಮುಖ್ಯ.

ಇಲ್ಲಿ ಕನ್ನಡಿಗರು ಗಮನಿಸಲೇಬೇಕಾದ ಒಂದು ಅಂಶವಿದೆ. ವರ್ಡ್ ಪ್ರತಿಯೊಂದು ಸ್ಟೈಲಿನಲ್ಲೂ ಲ್ಯಾಟಿನ್ ಅಕ್ಷರಗಳಿಗೆ ಒಂದು, ಭಾರತೀಯ ಲಿಪಿಗಳೂ ಸೇರಿದ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿಗೆ ಇನ್ನೊಂದು ಎಂದು ಫಾಂಟು, ಗಾತ್ರ, ದಪ್ಪಗಳ ಎರಡು ಪ್ರತ್ಯೇಕ ಲೆಕ್ಕಗಳನ್ನು ಇಡುತ್ತದೆ. ಹೆಡಿಂಗ್ 1ಕ್ಕೆ 18 ಪಾಯಿಂಟ್ ಕೊಟ್ಟೆವೆಂದುಕೊಂಡಾಗ ಪಕ್ಕದ ಇಂಗ್ಲಿಷ್ ಪದವೊಂದೇ ದೊಡ್ಡದಾಗಿ, ಕನ್ನಡ ಇದ್ದಲ್ಲೇ ಇದ್ದರೆ ಕಾರಣ ಇದೇ. ಆಫೀಸಿನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದ ಮೇಲೆ ಫಾಂಟ್ ಕಿಟಕಿಯಲ್ಲಿ ಈ ಎರಡನೆಯ ವಿಭಾಗ ಕಾಣಿಸಿಕೊಳ್ಳುತ್ತದೆ. ಪ್ರತಿ ಸ್ಟೈಲಿಗೂ ಎರಡೂ ಕಡೆ ಮೌಲ್ಯಗಳನ್ನು ತುಂಬಬೇಕು. ಮಿತಿ ಜಾರಿಯಾದ ಮೇಲೆ ಲೇಖಕರಿಗೆ ಗಾತ್ರ ಸರಿಪಡಿಸಿಕೊಳ್ಳುವ ದಾರಿಯೇ ಇರುವುದಿಲ್ಲವಾದ್ದರಿಂದ ಈ ಕೆಲಸದಲ್ಲಿ ಒಂದು ಸ್ಟೈಲನ್ನೂ ಬಿಡುವಂತಿಲ್ಲ.

ಸಾಲಿನ ಅಂತರವೂ ಹಾಗೆಯೇ. ಇಂಗ್ಲಿಷ್ ಮಾದರಿಯ ಟೆಂಪ್ಲೇಟುಗಳಲ್ಲಿ ‘ಎಕ್ಸಾಕ್ಟ್ಲಿ’ ಎಂದು ನಿಗದಿ ಮಾಡಿದ ಅಂತರ ಇರುವುದುಂಟು. ಅದರಲ್ಲಿ ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ನೋಡಿದರೆ ಕೆಳಗಿಳಿದ ಒತ್ತಕ್ಷರಗಳ ತುದಿ ಕತ್ತರಿಸಿಹೋಗುತ್ತದೆ, ಸಂದರ್ಭ ತಿಳಿಯದ ವಿದ್ಯಾರ್ಥಿಗೆ ಅದು ಯಾವ ಅಕ್ಷರವೆಂಬುದೇ ತಿಳಿಯದು. ನಾನು ಎಲ್ಲ ಸ್ಟೈಲುಗಳಲ್ಲೂ ‘ಅಟ್ ಲೀಸ್ಟ್’ (ಕನಿಷ್ಠ ಇಷ್ಟು) ಆರಿಸಿ ಅಕ್ಷರದ ಗಾತ್ರಕ್ಕಿಂತ ಧಾರಾಳವಾದ ಅಂತರ ಕೊಟ್ಟೆ. ಓರೆ ಅಕ್ಷರಗಳನ್ನು ಪೂರ್ತಿ ಕೈಬಿಟ್ಟೆ. ಕನ್ನಡ ಫಾಂಟುಗಳಲ್ಲಿ ಓರೆಯ ರೂಪ ಪ್ರತ್ಯೇಕವಾಗಿ ಇಲ್ಲದಿದ್ದಾಗ ವರ್ಡ್ ನೆಟ್ಟಗಿನ ಅಕ್ಷರವನ್ನೇ ಯಾಂತ್ರಿಕವಾಗಿ ವಾಲಿಸುತ್ತದೆ, ಅದು ಕಣ್ಣಿಗೆ ಹಿತವಲ್ಲ. ಕೃತಿಗಳ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ, ಒತ್ತಿ ಹೇಳುವ ಪದಕ್ಕೆ ದಪ್ಪ ಅಕ್ಷರ ಎಂದು ಸಂಪಾದಕರೊಡನೆ ಕುಳಿತು ತೀರ್ಮಾನಿಸಿದೆವು.

ಇಷ್ಟಾದ ಮೇಲೆ ಮಿತಿ ಹಾಕುವುದು ಸುಲಭ. ರಿವ್ಯೂ ಪಟ್ಟಿಯ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಒತ್ತಿದಾಗ ತೆರೆಯುವ ಫಲಕದಲ್ಲಿ ಮೊದಲ ಭಾಗ ವಿನ್ಯಾಸಕ್ಕೆ, ಎರಡನೆಯದು ಬರವಣಿಗೆಗೆ ಸಂಬಂಧಿಸಿದ್ದು. ಎರಡನೆಯದನ್ನು ನಾನು ಮುಟ್ಟಲಿಲ್ಲ, ಏಕೆಂದರೆ ಲೇಖಕರು ಮಾತನ್ನು ಸ್ವತಂತ್ರವಾಗಿ ತಿದ್ದಬೇಕು, ತಿದ್ದುಪಡಿಗಳ ಜಾಡು ಉಳಿಯಬೇಕು. ಮೊದಲ ಭಾಗಕ್ಕೆ ಗುರುತು ಹಾಕಿ ‘ಸೆಟಿಂಗ್ಸ್’ ತೆರೆದರೆ ಎಲ್ಲ ಸ್ಟೈಲುಗಳ ಉದ್ದನೆಯ ಪಟ್ಟಿ ಬರುತ್ತದೆ. ‘ನನ್’ (ಯಾವುದೂ ಬೇಡ) ಗುಂಡಿ ಒತ್ತಿ ಎಲ್ಲವನ್ನೂ ತೆಗೆದು, ಬೇಕಾದವನ್ನು ಒಂದೊಂದಾಗಿ ಆರಿಸಿದೆ. ಹಾಗೆ ಮಾಡುವಾಗ ಮೇಲ್ನೋಟಕ್ಕೆ ಕಾಣದೆ ಕೆಲಸ ಮಾಡುವ ಸ್ಟೈಲುಗಳು ಮರೆತು ಹೋಗಬಾರದು: ಅಡಿಟಿಪ್ಪಣಿಯ ಪಠ್ಯ ಮತ್ತು ಅಡಿಟಿಪ್ಪಣಿಯ ಅಂಕಿ, ಪುಟದ ಮೇಲಿನ ಕೆಳಗಿನ ಸಾಲುಗಳು, ಚಿತ್ರದ ಶೀರ್ಷಿಕೆ, ಪರಿವಿಡಿಯ ಮಟ್ಟಗಳು, ಪಟ್ಟಿಗಳ ಸ್ಟೈಲುಗಳು. ಅದೇ ಕಿಟಕಿಯ ಕೆಳಗಿರುವ ಮೂರು ಆಯ್ಕೆಗಳಲ್ಲಿ ಥೀಮ್ ಬದಲಾವಣೆಯನ್ನೂ ಸ್ಟೈಲ್ ಗುಚ್ಛದ ಬದಲಾವಣೆಯನ್ನೂ ತಡೆಯುವ ಎರಡಕ್ಕೆ ಗುರುತು ಹಾಕಿದೆ. ಆಟೋಫಾರ್ಮ್ಯಾಟ್ (ವರ್ಡ್ ತಾನಾಗಿ ಮಾಡುವ ವಿನ್ಯಾಸ) ಈ ಮಿತಿಯನ್ನು ಮೀರಬಹುದೆಂಬ ಆಯ್ಕೆಯನ್ನು ಖಾಲಿ ಬಿಟ್ಟೆ. ಆಮೇಲೆ ರಕ್ಷಣೆ ಜಾರಿಗೊಳಿಸುವ ಗುಂಡಿ ಒತ್ತಿ, ಪಾಸ್‌ವರ್ಡ್ ಕೊಟ್ಟು, ಕಡತವನ್ನು ಟೆಂಪ್ಲೇಟಾಗಿ ಉಳಿಸಿದರೆ ಅದರಿಂದ ಹುಟ್ಟುವ ಪ್ರತಿ ಹೊಸ ಕಡತವೂ ಅದೇ ಮಿತಿಯೊಡನೆ ತೆರೆದುಕೊಳ್ಳುತ್ತದೆ.

ಪಾಸ್‌ವರ್ಡನ್ನು ಭದ್ರತೆ ಎಂದು ಯಾರೂ ಭಾವಿಸಬಾರದು. ಈ ಮಿತಿ ಕಡತದೊಳಗಿನ ಸೆಟಿಂಗ್ಸ್ ಭಾಗದಲ್ಲಿ ಬರೆದ ಒಂದು ಸಾಲು, ತಿಳಿದವರು ಅದನ್ನು ಅಳಿಸಬಲ್ಲರು. ಹೊಲದ ಬೇಲಿಯಂತೆ ಅದು ದಾರಿ ತಪ್ಪಿ ಬರುವ ದನವನ್ನು ತಡೆಯುತ್ತದೆ, ಬೇಲಿ ಸರಿಸಿ ಒಳಬರಲು ನಿಶ್ಚಯಿಸಿದವರನ್ನು ತಡೆಯಲಾರದು. ನಮಗೆ ಬೇಕಾದದ್ದೂ ಅಷ್ಟೇ. ಆದರೆ ಪಾಸ್‌ವರ್ಡ್ ಒಬ್ಬರಲ್ಲೇ ಉಳಿಯುವುದು ಸರಿಯಲ್ಲ. ನಮ್ಮಲ್ಲಿ ಅದು ಸಂಪಾದಕರಿಗೂ ನನಗೂ ಗೊತ್ತು, ಕಚೇರಿಯ ದಾಖಲೆಯಲ್ಲೂ ಇದೆ.

ಹಿರಿಯ ಅಧ್ಯಾಪಕರೊಬ್ಬರು ಕರೆ ಮಾಡಿ ‘ದಪ್ಪ ಅಕ್ಷರದ ಗುಂಡಿ ಮಸುಕಾಗಿದೆ, ನನ್ನ ವರ್ಡ್ ಕೆಟ್ಟಿರಬೇಕು ನೋಡಿ’ ಎಂದರು. ‘ಕೆಟ್ಟಿಲ್ಲ ಸರ್, ಅದನ್ನು ಸ್ಟೈಲಿಗೆ ಒಪ್ಪಿಸಿದ್ದೇವೆ’ ಎಂದು ವಿವರಿಸಿ, ಬಲಬದಿಯ ಸ್ಟೈಲುಗಳ ಪಟ್ಟಿಯಿಂದ ‘ಸ್ಟ್ರಾಂಗ್’ ಆರಿಸುವುದನ್ನು ಹೇಳಿಕೊಟ್ಟೆ. ಅವರ ಅಡಚಣೆ ನಿಜವಾದದ್ದು. ವರ್ಷಗಟ್ಟಲೆ ಕಂಟ್ರೋಲ್ ಜೊತೆ ಬಿ ಒತ್ತಿದ ಬೆರಳುಗಳಿಗೆ ಹೊಸ ದಾರಿ ಕಲಿಸುವುದಕ್ಕಿಂತ ಆ ಕೀಲಿಯನ್ನೇ ಸ್ಟೈಲಿಗೆ ಜೋಡಿಸುವುದು ಮೇಲೆನ್ನಿಸಿತು. ಸ್ಟೈಲನ್ನು ಮಾರ್ಪಡಿಸುವ ಕಿಟಕಿಯಲ್ಲಿ ಫಾರ್ಮ್ಯಾಟ್ ಗುಂಡಿಯ ಕೆಳಗೆ ಶಾರ್ಟ್‌ಕಟ್ ಕೀಲಿಯ ಆಯ್ಕೆ ಇದೆ. ಅಲ್ಲಿ ಕಂಟ್ರೋಲ್-ಬಿ ಕೊಟ್ಟು, ಬದಲಾವಣೆಯನ್ನು ಟೆಂಪ್ಲೇಟಿನಲ್ಲೇ ಉಳಿಸುವಂತೆ ಆರಿಸಬೇಕು, ಇಲ್ಲದಿದ್ದರೆ ಅದು ನಮ್ಮ ಗಣಕದಲ್ಲಷ್ಟೇ ಉಳಿಯುತ್ತದೆ. ವಚನ ಮತ್ತು ಉದ್ಧರಣೆಗಳಿಗೂ ಹೀಗೆಯೇ ಕೀಲಿಗಳನ್ನು ಕೊಟ್ಟು, ಟೆಂಪ್ಲೇಟಿನ ಮೊದಲ ಪುಟದಲ್ಲಿ ಪ್ರತಿ ಸ್ಟೈಲಿನ ಮಾದರಿಯನ್ನು ಅದರ ಕೀಲಿಯೊಡನೆ ಬರೆದಿಟ್ಟೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಆರಿಸಬೇಕೆಂಬ ಸೂಚನೆಯೂ ಅಲ್ಲೇ ಇದೆ. ಇಲ್ಲದ ಸ್ಟೈಲು ಬೇಕೆನಿಸಿದರೆ ಲೇಖಕರು ನಮಗೆ ಬರೆಯುತ್ತಾರೆ. ಗಣಿತದ ಪಾಠಗಳಿಗೆ ‘ಪ್ರಮೇಯ’ ಎಂಬ ಸ್ಟೈಲು ಸೇರಿದ್ದು ಅಂತಹ ಕೋರಿಕೆಯಿಂದ.

ಈ ಶಿಸ್ತಿನ ಫಲ ಡಿಟಿಪಿಯ ಹಂತದಲ್ಲಿ ಕಾಣುತ್ತದೆ. ಅದೇ ಹೆಸರಿನ ಸ್ಟೈಲುಗಳನ್ನು ಇಟ್ಟುಕೊಂಡು, ಫಾಂಟು ಮಾತ್ರ ನೋಟೋ ಸೆರಿಫ್ ಕನ್ನಡ ಆಗಿರುವ ಎರಡನೆಯ ಟೆಂಪ್ಲೇಟೊಂದನ್ನು ಮುದ್ರಣಕ್ಕೆಂದು ಮಾಡಿಟ್ಟಿದ್ದೇನೆ. ಪಾಠ ಅಂತಿಮವಾದ ಮೇಲೆ ರಕ್ಷಣೆಯನ್ನು ನಿಲ್ಲಿಸಿ, ಡೆವಲಪರ್ ಪಟ್ಟಿಯಲ್ಲಿ ಟೆಂಪ್ಲೇಟುಗಳ ಕಿಟಕಿ ತೆರೆದು, ಮುದ್ರಣದ ಟೆಂಪ್ಲೇಟನ್ನು ಜೋಡಿಸಿ, ‘ಸ್ಟೈಲುಗಳನ್ನು ತಾನಾಗಿ ನವೀಕರಿಸು’ ಎಂಬರ್ಥದ ಗುರುತನ್ನು ಹಾಕಿದರೆ ಇಡೀ ಪಾಠ ಹೊಸ ರೂಪ ತಳೆಯುತ್ತದೆ. ನೇರವಾಗಿ ಹಾಕಿದ ವಿನ್ಯಾಸ ಎಲ್ಲೂ ಇಲ್ಲದಿರುವುದರಿಂದ ಹಿಂದುಳಿಯುವ ಸಾಲೇ ಇರುವುದಿಲ್ಲ. ನವೀಕರಣವಾದ ಕೂಡಲೇ ಆ ಗುರುತನ್ನು ತೆಗೆದುಬಿಡಬೇಕು, ಏಕೆಂದರೆ ಅದು ಉಳಿದರೆ ಮುಂದೆ ಟೆಂಪ್ಲೇಟಿನಲ್ಲಿ ಮಾಡುವ ಪ್ರತಿ ಬದಲಾವಣೆಯೂ ಮುದ್ರಣಕ್ಕೆ ಸಿದ್ಧವಾದ ಪಾಠದೊಳಗೆ ತಾನಾಗಿ ಇಳಿಯುತ್ತದೆ.

ಲೇಖಕರ ಬಳಿ ಈಗಾಗಲೇ ಇರುವ ಕಡತಗಳಿಗೂ ಇದೇ ವಿಧಾನ ಬೇಕಾಗುತ್ತದೆ. ಟೆಂಪ್ಲೇಟಿಗೆ ಹೊಸ ಸ್ಟೈಲು ಸೇರಿಸಿದಾಗ ಅದು ಅಲ್ಲಿಂದ ಮುಂದೆ ತೆರೆಯುವ ಕಡತಗಳಲ್ಲಿ ಮಾತ್ರ ಸಿಗುತ್ತದೆ, ಅರ್ಧ ಬರೆದ ಪಾಠಗಳಿಗೆ ತಾನಾಗಿ ಹೋಗುವುದಿಲ್ಲ. ಅದಕ್ಕಾಗಿ ಟೆಂಪ್ಲೇಟಿನ ಹೆಸರಿನ ಕೊನೆಗೆ ತಿಂಗಳು ಮತ್ತು ವರ್ಷವನ್ನು ಸೇರಿಸಿ, ಅದನ್ನೇ ಪುಟದ ಕೆಳಗಿನ ಸಾಲಿನಲ್ಲೂ ಚಿಕ್ಕದಾಗಿ ಕಾಣುವಂತೆ ಮಾಡಿದ್ದೇನೆ. ಪಾಠ ಕೈಸೇರಿದ ಕೂಡಲೇ ಸಂಪಾದಕರು ಮೊದಲು ನೋಡುವುದು ಆ ಸಾಲನ್ನು. ಹಳೆಯ ತಿಂಗಳಿದ್ದರೆ ಹೊಸ ಟೆಂಪ್ಲೇಟನ್ನು ಜೋಡಿಸಿ, ಅನುಮತಿಯ ಪಟ್ಟಿಯಲ್ಲಿ ಹೊಸ ಸ್ಟೈಲಿಗೆ ಗುರುತು ಹಾಕಿ, ರಕ್ಷಣೆಯನ್ನು ಮತ್ತೆ ಜಾರಿಗೊಳಿಸಿದ ನಂತರವೇ ತಿದ್ದುಪಡಿ ಆರಂಭಿಸುತ್ತಾರೆ.