ಇದ್ದಿಲಿನಲ್ಲಿ ಮುಂಡದ ಚಿತ್ರ: ಸ್ನಾಯುಗಳಿಗಿಂತ ಮೊದಲು ವಾಲು

ಕುತ್ತಿಗೆಯ ಬುಡದಿಂದ ತೊಡೆಸಂದಿನವರೆಗಿನ ಭಾಗವನ್ನು ಬಿಡಿಸುವಾಗ ಚಿತ್ರ ಕೆಡುವುದು ಸ್ನಾಯುಗಳ ಹೆಸರು ಗೊತ್ತಿಲ್ಲದ್ದರಿಂದ ಅಲ್ಲ. ಎದೆಗೂಡು ಯಾವ ಕಡೆ ವಾಲಿದೆ, ಸೊಂಟದ ಮೂಳೆ ಯಾವ ಕಡೆ ವಾಲಿದೆ ಎಂದು ನೋಡದೆ ನೇರವಾಗಿ ಹೊರಗೆರೆಗೆ ಕೈಹಾಕುವುದರಿಂದ. ಇವೆರಡೂ ಗಟ್ಟಿ, ಹೇಗೆ ನಿಂತರೂ ಆಕಾರ ಹೆಚ್ಚು ಬದಲಾಗುವುದಿಲ್ಲ. ಬಾಗುವುದು, ತಿರುಗುವುದು, ಮಡಿಕೆ ಬೀಳುವುದು ಬಹುಮಟ್ಟಿಗೆ ನಡುವಿನ ಮೆದು ಹೊಟ್ಟೆಯಲ್ಲೇ.

ಸಾಮಗ್ರಿ ಕಡಿಮೆ ಸಾಕು, ಆದರೆ ಇದ್ದಿಲು ಎರಡು ಬಗೆಯದು ಬೇಕು. ವಿಲೋ ಅಥವಾ ವೈನ್ (ದ್ರಾಕ್ಷಿಬಳ್ಳಿ) ಚಾರ್ಕೋಲ್ ಎಂದರೆ ಕಡ್ಡಿಯನ್ನೇ ಸುಟ್ಟು ಮಾಡಿದ್ದು. ಅದರಲ್ಲಿ ಅಂಟು ಇರುವುದಿಲ್ಲ, ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ. ಕಂಪ್ರೆಸ್ಡ್ ಚಾರ್ಕೋಲ್ ಪುಡಿಗೆ ಅಂಟು ಸೇರಿಸಿ ಒತ್ತಿದ್ದು. ತುಂಬಾ ಕಪ್ಪು, ಒಮ್ಮೆ ಕೂತರೆ ಪೂರ್ತಿ ಅಳಿಯುವುದಿಲ್ಲ. ಮೊದಲನೆಯದರಲ್ಲಿ ಇಡೀ ಚಿತ್ರ, ಎರಡನೆಯದು ಕೊನೆಯ ಕೆಲವು ನಿಮಿಷಕ್ಕೆ ಮಾತ್ರ. ಇದರ ಜೊತೆಗೆ ಹಿಟ್ಟಿನಂತೆ ನಾದಬಹುದಾದ ನೀಡೆಡ್ ಇರೇಸರ್, ಹಳೆಯ ಹತ್ತಿ ಬಟ್ಟೆ, ಸ್ವಲ್ಪ ಒರಟು ಮೈಯಿರುವ ಎ2 ಅಳತೆಯ ಕಾಗದ. ನುಣುಪು ಕಾಗದ ಪುಡಿಯನ್ನು ಹಿಡಿಯುವುದಿಲ್ಲ, ಎರಡು ಪದರ ಹಚ್ಚುವಷ್ಟರಲ್ಲಿ ಜಾರತೊಡಗುತ್ತದೆ. ಅಡಿಯಲ್ಲಿ ಮೂರು ನಾಲ್ಕು ಹಾಳೆ ಹಾಸಿ. ಇಲ್ಲದಿದ್ದರೆ ಹಲಗೆಯ ಗೀರುಗಳೆಲ್ಲ ಚಿತ್ರದಲ್ಲಿ ಮೂಡುತ್ತವೆ. ಹಲಗೆ ಹೆಚ್ಚುಕಡಿಮೆ ನೆಟ್ಟಗಿರಲಿ. ಮೇಜಿನ ಮೇಲೆ ಮಲಗಿಸಿದರೆ ಕಾಗದದ ಮೇಲ್ಭಾಗ ಕಣ್ಣಿಗೆ ಕುಗ್ಗಿ ಕಾಣುತ್ತದೆ, ಅದನ್ನು ಸರಿದೂಗಿಸಲು ಹೋಗಿ ಎದೆ ಉದ್ದವಾಗುತ್ತದೆ.

ದೀಪ ಒಂದೇ ಇರಲಿ, ಮೇಲಿನಿಂದ ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿ. ಉಳಿದ ದೀಪಗಳನ್ನು ಆರಿಸಿ. ಎರಡು ಕಡೆಯಿಂದ ಬೆಳಕು ಬಿದ್ದರೆ ನೆರಳುಗಳು ಒಂದನ್ನೊಂದು ತಿನ್ನುತ್ತವೆ. ಮಾಡೆಲ್ ನಿಂತಿದ್ದರೆ 20–25 ನಿಮಿಷಕ್ಕೊಮ್ಮೆ ವಿರಾಮ ಕೊಡಿ, ಅದಕ್ಕೂ ಮುಂಚೆ ಪಾದದ ಸುತ್ತ ಟೇಪ್ ಅಂಟಿಸಿ ಗುರುತು ಮಾಡಿ. ಮಾಡೆಲ್ ಸಿಗದಿದ್ದರೆ ಕನ್ನಡಿಯಲ್ಲಿ ನಿಮ್ಮದೇ ಮೈ, ಇಲ್ಲವೇ ಪ್ಲಾಸ್ಟರ್ ಪ್ರತಿಮೆ. ಫೋಟೋ ಕೊನೆಯ ದಾರಿ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಕ್ಯಾಮೆರಾಗೆ ಸಮೀಪದ ಭಾಗ ಉಬ್ಬಿ, ದೂರದ್ದು ಕುಗ್ಗಿರುತ್ತದೆ.

ಮೊದಲ ಗೆರೆಗಳು

ಮೊದಲು ನಡುಗೆರೆ. ಎರಡು ಕಾಲರ್ ಬೋನ್‌ಗಳ ನಡುವಿನ ಗಂಟಲಗುಳಿಯಿಂದ ಶುರುಮಾಡಿ ಎದೆಮೂಳೆಯ ಕೆಳತುದಿ, ಹೊಕ್ಕುಳು, ಕಿಬ್ಬೊಟ್ಟೆಯ ಕೆಳಗಿನ ಮೂಳೆ, ಹೀಗೆ ಒಂದೇ ಬಾಗಿದ ಗೆರೆ. ಇದು ಕಡ್ಡಿ ಹೊಡೆದಂತೆ ನೇರವಾಗಿ ಬಂದರೆ ಅನುಮಾನಿಸಿ. ಭಂಗಿಯಲ್ಲಿ ಜೀವವಿದ್ದರೆ ನಡುಗೆರೆ ನೇರವಿರುವುದು ಅಪರೂಪ. ಆಮೇಲೆ ಎರಡು ಅಡ್ಡಗೆರೆ: ಎರಡು ಭುಜಗಳ ತುದಿಮೂಳೆ ಸೇರಿಸಿ ಒಂದು, ಸೊಂಟದ ಮುಂದೆ ಎರಡು ಕಡೆ ಕೈಗೆ ಸಿಗುವ ಮೂಳೆತುದಿಗಳನ್ನು ಸೇರಿಸಿ ಇನ್ನೊಂದು. ಭಾರ ಒಂದೇ ಕಾಲಿನ ಮೇಲಿದ್ದಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಸಾಮಾನ್ಯವಾಗಿ ಅದೇ ಕಡೆಯ ಭುಜ ಇಳಿಯುತ್ತದೆ. ಎರಡು ಗೆರೆಗಳು ಆ ಪಕ್ಕದಲ್ಲಿ ಹತ್ತಿರ ಬರುತ್ತವೆ, ಇನ್ನೊಂದು ಪಕ್ಕದಲ್ಲಿ ದೂರ ಸರಿಯುತ್ತವೆ. ಹತ್ತಿರವಾದ ಪಕ್ಕ ಮಡಿಕೆ ಬೀಳುವ ಪಕ್ಕ, ಅಲ್ಲಿ ಗೆರೆ ಚಿಕ್ಕದು, ಮುರಿದದ್ದು. ಹಿಗ್ಗಿದ ಪಕ್ಕಕ್ಕೆ ಒಂದೇ ಉದ್ದನೆಯ ಗೆರೆ. ವಾಲು ಎಷ್ಟೆಂದು ಅಂದಾಜಿನಲ್ಲಿ ಬಿಡಬೇಡಿ: ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಕಡ್ಡಿಯನ್ನು ಅಡ್ಡಡ್ಡ ಹಿಡಿದು ನೋಡಿ.

ಅಳತೆಗೆ ತಲೆಯ ಎತ್ತರವೇ ಮಾನ. ನೆಟ್ಟಗೆ ನಿಂತ ವಯಸ್ಕರಲ್ಲಿ ಗಲ್ಲದಿಂದ ಮೊಲೆತೊಟ್ಟಿಗೆ ಸುಮಾರು ಒಂದು ತಲೆ, ಅಲ್ಲಿಂದ ಹೊಕ್ಕುಳಿಗೆ ಒಂದು, ಹೊಕ್ಕುಳಿನಿಂದ ತೊಡೆಸಂದಿಗೆ ಒಂದು. ಆದರೆ ಇವು ಚರ್ಮದ ಮೇಲಿನ ಗುರುತುಗಳು, ಕೈ ಎತ್ತಿದರೆ ಮೊಲೆತೊಟ್ಟೂ ಮೇಲಕ್ಕೆ ಹೋಗುತ್ತದೆ. ಗೊಂದಲವಾದಾಗ ಮೂಳೆಯನ್ನೇ ನಂಬಿ.

ಎದೆಗೂಡನ್ನು ಮೊಟ್ಟೆಯಾಕಾರದಲ್ಲಿ ಕೂರಿಸಿ, ಕಿರಿದಾದ ತುದಿ ಮೇಲಕ್ಕೆ. ಪಕ್ಕದಿಂದ ನೋಡಿದರೆ ಅದರ ಮೇಲ್ಭಾಗ ಹಿಂದಕ್ಕೆ ವಾಲಿರುತ್ತದೆ, ಸೊಂಟದ ಮೂಳೆ ಮುಂದಕ್ಕೆ ಬಗ್ಗಿರುತ್ತದೆ. ಎರಡನ್ನೂ ಒಂದೇ ಲಂಬದಲ್ಲಿ ಕೂರಿಸಿದರೆ ಮನುಷ್ಯ ಕೊಳವೆಯಾಗುತ್ತಾನೆ. ಕಲಿಯುವವರು ಎದೆಗೂಡನ್ನು ಚಿಕ್ಕದಾಗಿ ಮಾಡುವುದೇ ಹೆಚ್ಚು. ನಿಮ್ಮ ಪಕ್ಕೆಯನ್ನೇ ಮುಟ್ಟಿ ನೋಡಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಕೆಲವೇ ಬೆರಳಿನಗಲ.

ನೆರಳು

ಇದ್ದಿಲು ಹರವಿನ ಮಾಧ್ಯಮ, ಗೆರೆಯಲ್ಲೇ ನಿಂತರೆ ಅದರ ಅರ್ಧ ಶಕ್ತಿ ವ್ಯರ್ಥ. ಕಡ್ಡಿಯನ್ನು 4–5 ಸೆಂ.ಮೀ. ತುಂಡು ಮಾಡಿ, ಪಕ್ಕವನ್ನು ಕಾಗದಕ್ಕೆ ಒರಗಿಸಿ. ಕಣ್ಣು ಕಿರಿದು ಮಾಡಿ ನೋಡಿದಾಗ ಕಾಣುವ ನೆರಳನ್ನೆಲ್ಲ ಒಂದೇ ಛಾಯೆಯಲ್ಲಿ ತುಂಬಿ; ಅದರೊಳಗಿನ ಬೇರೆಬೇರೆ ಛಾಯೆಗಳಿಗೆ ಈಗಲೇ ಹೋಗಬೇಡಿ. ಮುಂಭಾಗ ಮುಗಿದು ಪಕ್ಕ ಶುರುವಾಗುವ ತಿರುವು ಎದೆಸ್ನಾಯುವಿನ ಹೊರಅಂಚು, ಪಕ್ಕೆಲುಬಿನ ಕಮಾನು, ಹೊಟ್ಟೆಯ ನೇರಸ್ನಾಯುವಿನ ಪಕ್ಕ ಹಾದು ತೊಡೆಸಂದಿಗೆ ಇಳಿಯುತ್ತದೆ. ನೆರಳಿನ ಗಡಿ ಬಹಳ ಸಲ ಇಲ್ಲೇ ಬೀಳುತ್ತದೆ. ತುಂಬಿದ ಮೇಲೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ. ಬೆರಳು ಬೇಡ: ಚರ್ಮದ ಜಿಡ್ಡು ಕಾಗದಕ್ಕಿಳಿದರೆ ಅಲ್ಲಿ ಕಲೆ ಉಳಿಯುತ್ತದೆ, ಇರೇಸರ್‌ಗೂ ಬಗ್ಗುವುದಿಲ್ಲ.

ನಂತರ ಅಂಚುಗಳು. ಮೂಳೆ ಚರ್ಮಕ್ಕೆ ಹತ್ತಿರವಿರುವಲ್ಲಿ (ಕಾಲರ್ ಬೋನ್, ಪಕ್ಕೆಲುಬಿನ ಕಮಾನು) ಗಡಿ ಚೂಪು, ಹೊಟ್ಟೆಯಲ್ಲಿ ಮೆತ್ತಗೆ. ತೋಳು ಪಕ್ಕೆಯ ಮೇಲೆ ಬೀರುವ ನೆರಳು ತೋಳಿನ ಹತ್ತಿರ ಚೂಪಾಗಿದ್ದು, ದೂರ ಹೋದಂತೆ ಮಂಕಾಗುತ್ತದೆ. ಬೆಳಕಿನ ಜಾಗಗಳನ್ನು ಇರೇಸರ್‌ನಿಂದ ಒತ್ತಿ ಎತ್ತಿ ತೆಗೆಯಿರಿ, ಉಜ್ಜಬೇಡಿ. ಒಂದು ನಿಯಮ ಮಾತ್ರ ಬಿಗಿಯಾಗಿ ಹಿಡಿಯಿರಿ: ಸುತ್ತಲಿನ ವಸ್ತುಗಳಿಂದ ಪುಟಿದು ನೆರಳಿನೊಳಗೆ ಮರಳಿ ಬರುವ ಬೆಳಕು ಎಷ್ಟೇ ಹೊಳೆದಂತೆ ಕಂಡರೂ ಬೆಳಕಿನ ಕಡೆಯ ಮಧ್ಯಛಾಯೆಗಿಂತ (ಹೊಳಪಿಗೂ ನೆರಳಿಗೂ ನಡುವಿನ ಛಾಯೆ) ಕಪ್ಪಾಗಿಯೇ ಇರಬೇಕು. ಈ ನಿಯಮ ತಪ್ಪಿದ ಮೈ ತಗಡಿನ ಹಾಗೆ ಮಿನುಗುತ್ತದೆ. ಹೊಟ್ಟೆಯ ಸ್ನಾಯುಗಂಟುಗಳನ್ನು (ಸಿಕ್ಸ್ ಪ್ಯಾಕ್) ಬಿಡಿಸುವ ಆಸೆಯೂ ಹಾಗೆಯೇ ಕೆಡಿಸುತ್ತದೆ. ಅವುಗಳ ನಡುವಿನ ಅಡ್ಡ ತಗ್ಗುಗಳು ಸಾಮಾನ್ಯವಾಗಿ ಮೂರು, ಎಲ್ಲ ಹೊಕ್ಕುಳಿನ ಮಟ್ಟದಲ್ಲಿ ಅಥವಾ ಮೇಲೆ. ಈ ತಗ್ಗುಗಳನ್ನು ಗೆರೆಯಲ್ಲಲ್ಲ, ತೆಳು ಛಾಯೆಯಲ್ಲಿ ಸೂಚಿಸಿದರೆ ಸಾಕು.

ಬೆನ್ನಿಗೂ ಕ್ರಮ ಇದೇ, ಗುರುತು ಬೇರೆ: ಕುತ್ತಿಗೆಯ ಬುಡದಲ್ಲಿ ಉಬ್ಬಿದ ಬೆನ್ನುಮೂಳೆ, ಬೆನ್ನಿನ ನಡುಗಾಲುವೆ, ಸೊಂಟದ ಕೆಳಗಿನ ಎರಡು ಗುಳಿ. ಕೈ ಎತ್ತಿದಾಗ ಹೆಗಲಮೂಳೆಯೂ ಹೊರಳಿ ಅದರ ಕೆಳತುದಿ ಹೊರಗೆ ಸರಿಯುತ್ತದೆ. ಇದನ್ನು ಮರೆತರೆ ತೋಳು ಬೇರೆಯವರದ್ದನ್ನು ಅಂಟಿಸಿದಂತೆ ಕಾಣುತ್ತದೆ.

ಕಂಪ್ರೆಸ್ಡ್ ಚಾರ್ಕೋಲ್ ಈಗ: ಕಂಕುಳು, ಸೊಂಟದ ಮಡಿಕೆ, ಹೊಕ್ಕುಳಿನ ಆಳ, ಅಷ್ಟೇ. ಅದಕ್ಕೂ ಮುಂಚೆ ಎರಡು ಮೀಟರ್ ಹಿಂದೆ ಹೋಗಿ, ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ವಾಲಿನ ತಪ್ಪು ತಿರುವುಮುರುವಿನಲ್ಲಿ ತಟ್ಟನೆ ಸಿಕ್ಕಿಬೀಳುತ್ತದೆ. ಒರೆಸಿ ಒರೆಸಿ ಎಲ್ಲ ಹೊಗೆಯಾಗಿದ್ದರೆ, ಮೈಯ ಉಬ್ಬಿಗೆ ಅಡ್ಡವಾಗಿ ಸಣ್ಣ ಗೀಟುಗಳನ್ನು ಎಳೆದು ಮತ್ತೆ ಬಿಗಿ ತನ್ನಿ. ಉದುರು ಪುಡಿಯನ್ನು ಊದಬೇಡಿ, ಎಂಜಲ ಹನಿ ಕಲೆಯಾಗುತ್ತದೆ; ಹಲಗೆಯ ಹಿಂದೆ ತಟ್ಟಿ ಉದುರಿಸಿ. ಪುಡಿ ಉದುರದಂತೆ ಕಾಗದಕ್ಕೆ ಹಿಡಿದಿಡುವ ಫಿಕ್ಸಟಿವ್ ಅನ್ನು ಬಯಲಲ್ಲಿ, ಸುಮಾರು 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ, ಪ್ರತಿ ಸಲವೂ ಒಣಗಲು ಬಿಡಿ. ಅದು ಛಾಯೆಯನ್ನು ತುಸು ಗಾಢ ಮಾಡುತ್ತದೆ, ಆಮೇಲೆ ಬೆಳಕನ್ನು ಎತ್ತಿ ತೆಗೆಯುವುದು ಕಷ್ಟ. ಆದ್ದರಿಂದ ಮಧ್ಯಛಾಯೆಗಳನ್ನು ಬೇಕಿದ್ದಕ್ಕಿಂತ ಒಂದು ಕೂದಲಷ್ಟು ತಿಳಿಯಾಗಿಯೇ ಬಿಟ್ಟಿರಿ.