ಬದಿಯಡ್ಕದಲ್ಲಿ ಮಂಜುಗಡ್ಡೆ ಕಂಡ ಡಿಹ್ಯೂಮಿಡಿಫೈಯರ್

ನಮ್ಮ ಮನೆ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಜೂನ್‌ನಲ್ಲಿ ಮಳೆ ಹಿಡಿದರೆ ಚೌತಿಯವರೆಗೆ ಗೋಡೆ ಒಣಗುವುದಿಲ್ಲ. ಅಪ್ಪನ ಪ್ರಸಂಗ ಪುಸ್ತಕಗಳಿಗೆ ಬೂಷ್ಟು ಬರುತ್ತದೆ, ಮದ್ದಳೆಯ ಚರ್ಮ ಸಡಿಲವಾಗುತ್ತದೆ. ಆ ಕೋಣೆಗೆಂದೇ ಒಂದು ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವವನ್ನು ನೀರು ಮಾಡಿ ಟ್ಯಾಂಕಿಗೆ ಇಳಿಸುವ ಯಂತ್ರ, ತಂದಿದ್ದೆ. ಮಳೆಗಾಲದಲ್ಲಿ ಎರಡು ಲೀಟರಿನ ಟ್ಯಾಂಕ್ ದಿನಕ್ಕೆ ಎರಡು ಸಲ ತುಂಬುತ್ತಿತ್ತು. ಚೆಲ್ಲುವ ಕೆಲಸ ಅಮ್ಮನದು.

ಈ ಸಲ ಆಟಿ ತಿಂಗಳಲ್ಲಿ ಅಮ್ಮನೇ ಮೊದಲು ಗಮನಿಸಿದ್ದು. "ಎಂತ ಮಾರಾಯ, ನಿನ್ನೆಯಿಂದ ನೀರೇ ಬೀಳ್ಲಿಲ್ಲ. ಬರೀ ಗಾಳಿ ಬರ್ತದೆ."

ಫ್ಯಾನ್ ತಿರುಗುತ್ತಿತ್ತು, ಕಂಪ್ರೆಸರ್ ಸದ್ದಿಲ್ಲ, ಡಿಫ್ರಾಸ್ಟ್ ದೀಪ ಮಾತ್ರ ಉರಿಯುತ್ತಿತ್ತು. ಫಿಲ್ಟರ್ ತೊಳೆದೆ, ಉಪಯೋಗ ಆಗಲಿಲ್ಲ. ಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದರೆ ಯಂತ್ರ ನೋಡದೆಯೇ "ಬೋರ್ಡ್ ಪೋಯಿ" ಅಂದುಬಿಟ್ಟ. ಯಂತ್ರ ನಡೆಸುವ ಸರ್ಕ್ಯೂಟ್ ಬೋರ್ಡೇ ಹೋಯಿತು ಅಂತ.

ನನಗೆ ಆ ದೀಪದ ಮೇಲೇ ಸಂಶಯ. ಗಾಳಿಯ ತೇವವನ್ನು ನೀರಾಗಿಸುವ ತಣ್ಣನೆಯ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಕಂಪ್ರೆಸರ್ ನಿಲ್ಲಿಸಿ, ಬರೀ ಫ್ಯಾನ್ ಓಡಿಸಿ ಅದನ್ನು ಕರಗಿಸುವುದಕ್ಕೆ ಡಿಫ್ರಾಸ್ಟ್ ಇರುವುದು. ಕೋಣೆ ತಣ್ಣಗಿರುವ ಊರಿನಲ್ಲಿ ಅದು ಸಹಜ. ನಮ್ಮಲ್ಲಿ ಕೋಣೆಯೇ 27 ಡಿಗ್ರಿ, ಫಿಲ್ಟರ್ ಕಟ್ಟಿಲ್ಲ, ಕಂಪ್ರೆಸರ್ ಒಂದು ದಿನದಿಂದ ಓಡಿಲ್ಲ. ಮಂಜುಗಡ್ಡೆ ಎಲ್ಲಿಂದ ಬರಬೇಕು? ಯಾರೋ ಬೋರ್ಡಿಗೆ ಸುಳ್ಳು ಹೇಳುತ್ತಿದ್ದಾರೆ.

ಪ್ಲಗ್ ಕಿತ್ತು ಹಿಂದಿನ ಕವಚ ಬಿಚ್ಚಿದೆ. ಕೆಪಾಸಿಟರ್ ಹತ್ತಿರ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಗ್ಯಾಸಿನ ಪೈಪಿನ ತಂಟೆಗಂತೂ ಹೋಗಲೇಬೇಡಿ. ನಮಗೆ ಬೇಕಾದದ್ದು ಕಾಯಿಲಿನ ತಾಮ್ರದ ಕೊಳವೆಗೆ ಕ್ಲಿಪ್ ಹಾಕಿ ಕೂರಿಸಿದ, ಎರಡು ತಂತಿಯ, ಮೊಗ್ಗಿನಂಥ ಸಣ್ಣ ಕಪ್ಪು ಮೊಟ್ಟು. ಅದು ಥರ್ಮಿಸ್ಟರ್, ಕಾಯಿಲ್ ಎಷ್ಟು ತಣ್ಣಗಿದೆ ಅಂತ ಬೋರ್ಡಿಗೆ ತಿಳಿಸುವ ಸೆನ್ಸರ್. ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ತಣಿದಂತೆ ಏರುತ್ತದೆ.

ಬೋರ್ಡಿನಿಂದ ಅದರ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಿಡಿದೆ. 61 ಕಿಲೋ ಓಮ್. ಇದು ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು? ಗಾಳಿ ಒಳಗೆ ಹೋಗುವ ಕಡೆ ಇದೇ ತರದ ಇನ್ನೊಂದು ಸೆನ್ಸರ್ ಇತ್ತು. 27 ಡಿಗ್ರಿಯ ಕೋಣೆಯಲ್ಲಿ ಅದರದ್ದು 9.1. ಅಂದರೆ ಇವು 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ ಜಾತಿಯವು. ಆ ಲೆಕ್ಕದಲ್ಲಿ 61 ಅಂದರೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ! ಮೊಟ್ಟನ್ನು ಬೆರಳಲ್ಲಿ ಒತ್ತಿ ಹಿಡಿದೆ. ಮೈಬಿಸಿಗೆ ಅಂಕೆ ಇಳಿಯಬೇಕಿತ್ತು, ಅದು ಸುಮ್ನೆ ಅತ್ತಿತ್ತ ಕುಣಿಯಿತು. ಬೆಳಕಿಗೆ ಹಿಡಿದಾಗ ತಂತಿ ಒಳಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ಹಸಿರು ಕಿಲುಬು ಕಂಡಿತು.

ಬೋರ್ಡ್ ನಿಜಕ್ಕೂ ಸರಿಯಿದೆಯಾ ಅಂತ ನೋಡಬೇಕಲ್ವಾ? ಕಾಯಿಲ್ 25 ಡಿಗ್ರಿ ಇದೆ ಅಂತ ಬೋರ್ಡಿಗೆ ಅನಿಸಲಿ ಎಂದು ಸೆನ್ಸರ್ ಜಾಗಕ್ಕೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿ, ಕವಚ ಮುಚ್ಚಿ ಸ್ವಿಚ್ ಹಾಕಿದೆ. ಮೂರು ನಿಮಿಷ ಏನೂ ಇಲ್ಲ. ಆಮೇಲೆ ಕಂಪ್ರೆಸರ್ ಗುರ್ ಅಂತು. ಬೋರ್ಡ್ ಪೋಯಿಟ್ಟಿಲ್ಲ, ಹಾಳಾಗಿಲ್ಲ! ಹಾಗೇ ಓಡಿಸಿದರಾಯಿತು ಅಂತ ಮಾತ್ರ ಬಿಟ್ಟುಬಿಡಬೇಡಿ. ನಿಜವಾಗಿ ಮಂಜುಗಡ್ಡೆ ಕಟ್ಟಿದರೂ ಆಗ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಹೊಸ ಸೆನ್ಸರಿಗೆ ಕೊಟ್ಟದ್ದು 40 ರೂಪಾಯಿ. ಹಾಕುವ ಮೊದಲು ಲೋಟದಲ್ಲಿ ಐಸ್ ನೀರು ಮಾಡಿ ಮುಳುಗಿಸಿ ನೋಡಿದೆ, ಸುಮಾರು 33 ಕಿಲೋ ಓಮ್ ತೋರಿಸಿತು. ಸೊನ್ನೆ ಡಿಗ್ರಿಗೆ ಅದು ಸರಿಯಾಗಿಯೇ ಇದೆ.

ಇನ್ನು ನನ್ನ ದಡ್ಡತನ. ಹಳೆಯ ಕ್ಲಿಪ್ ಮುರಿದಿತ್ತು, ಟೇಪ್ ಸುತ್ತಿದೆ. ಎರಡೇ ದಿನಕ್ಕೆ ತೇವಕ್ಕೆ ಟೇಪ್ ಬಿಟ್ಟು ಮೊಟ್ಟು ಗಾಳಿಯಲ್ಲಿ ನೇತಾಡುತ್ತಿತ್ತು. ಆಮೇಲೆ ತಾಮ್ರದ ತಂತಿಯಿಂದ ಕೊಳವೆಗೆ ಬಿಗಿಯಾಗಿ ಕಟ್ಟಿದೆ. ಸೆನ್ಸರಿನ ತಂತಿಯನ್ನು ಮೊಟ್ಟಿಗಿಂತ ಕೆಳಕ್ಕೆ ಬಾಗಿಸಿಬಿಟ್ಟೆ. ತಂತಿಯಲ್ಲಿ ಇಳಿದ ನೀರು ಈಗ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಮೊಟ್ಟಿನ ಒಳಗೆ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಂಕ್ ತುಂಬಿ ಯಂತ್ರ ನಿಂತಿತ್ತು. ಅಮ್ಮ ಚೆಲ್ಲಿ ಬಂದರು. ಮದ್ದಳೆ ಇನ್ನೂ ಸಡಿಲವೇ ಇದೆ, ಅದಕ್ಕೆ ಇನ್ನೊಂದು ವಾರ ಬೇಕು.