ಕೊಳವೆ ಅನಿಲದಿಂದ ಮನೆಯಲ್ಲೇ ವಿದ್ಯುತ್: ಇಂಧನಕೋಶ ನಡೆಯುವ ಬಗೆ

ಜಪಾನಿನಲ್ಲಿ 2009ರಿಂದ ಮಾರಾಟದಲ್ಲಿರುವ ‘ಎನೆ-ಫಾರ್ಮ್’ ಯಂತ್ರವು ಮನೆಯ ಹೊರಗೋಡೆಯ ಬದಿಯಲ್ಲಿ ನಿಂತು, ಅಡುಗೆಮನೆಗೆ ಬರುವ ಕೊಳವೆ ಅನಿಲದಿಂದಲೇ ಹೈಡ್ರೋಜನ್ ತೆಗೆದು, ವಿದ್ಯುತ್ತನ್ನೂ ಸ್ನಾನದ ಬಿಸಿನೀರನ್ನೂ ಒದಗಿಸುತ್ತದೆ. ಹೆಚ್ಚಿನ ಮಾದರಿಗಳು 700 ವಾಟ್‌ ಆಸುಪಾಸಿನವು. ವಿದ್ಯುತ್ ಹುಟ್ಟುವುದು ಇಂಧನಕೋಶದಲ್ಲೇ, ಅಂದರೆ ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಂದಿಗೆ ಸೇರಿಸಿ ವಿದ್ಯುತ್ ಕೊಡುವ ಭಾಗದಲ್ಲೇ ಆದರೂ, ಯಂತ್ರದ ಶ್ರಮವೆಲ್ಲ ಅದಕ್ಕೂ ಮೊದಲು ಅನಿಲವನ್ನು ಹದಗೊಳಿಸುವುದರಲ್ಲಿದೆ.

ಮೊದಲು ಗಂಧಕವನ್ನು ತೆಗೆಯಬೇಕು. ಸೋರಿಕೆಯಾದರೆ ಮೂಗಿಗೆ ತಿಳಿಯಲೆಂದು ಅನಿಲಕ್ಕೆ ಬೆರೆಸುವ ವಾಸನೆಯ ಪದಾರ್ಥದಲ್ಲಿ ಗಂಧಕವಿರುತ್ತದೆ. ಮನೆಯವರನ್ನು ಕಾಯುವ ಅದೇ ಪದಾರ್ಥ ಮುಂದಿನ ಹಂತಗಳ ವೇಗವರ್ಧಕಗಳನ್ನು (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪದಾರ್ಥಗಳನ್ನು) ಕೆಡಿಸುತ್ತದೆ.

ಆಮೇಲೆ ಅನಿಲದೊಂದಿಗೆ ಹಬೆ ಬೆರೆಸಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಿಕ್ಕಲ್ ಅಥವಾ ರುಥೇನಿಯಂ ವೇಗವರ್ಧಕದ ಮೇಲೆ ಹಾಯಿಸಿದಾಗ, ಅನಿಲದ ಮುಖ್ಯ ಅಂಶವಾದ ಮೀಥೇನ್ ಒಡೆದು ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಕ್ರಿಯೆ ಶಾಖವನ್ನು ಹೀರುವಂಥದ್ದು. ಕೋಶದಲ್ಲಿ ಬಳಕೆಯಾಗದೆ ಉಳಿದ ಹೈಡ್ರೋಜನ್ನನ್ನು ಮರಳಿ ತಂದು ಉರಿಸಿ ಆ ಶಾಖವನ್ನು ಪಡೆಯುತ್ತಾರೆ.

ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಸುಮಾರು 80 ಡಿಗ್ರಿಯಲ್ಲಿ ಕೆಲಸ ಮಾಡುವ ಪಾಲಿಮರ್ ಪೊರೆಯ ಕೋಶದಲ್ಲಿ ಅದು ಅಲ್ಲಿನ ವೇಗವರ್ಧಕವಾದ ಪ್ಲಾಟಿನಂಗೆ ಅಂಟಿಕೊಂಡು, ಹೈಡ್ರೋಜನ್‌ಗೆ ಜಾಗವೇ ಇಲ್ಲದಂತೆ ಮಾಡುತ್ತದೆ. ಆದ್ದರಿಂದ ಇನ್ನೊಮ್ಮೆ ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಅದರ ಬಹುಪಾಲನ್ನು ಕಾರ್ಬನ್ ಡೈಆಕ್ಸೈಡ್ ಆಗಿಸುತ್ತಾರೆ. ಇದರಿಂದ ಇನ್ನಷ್ಟು ಹೈಡ್ರೋಜನ್ನೂ ದೊರೆಯುತ್ತದೆ. ಉಳಿದುದನ್ನು ಅಳತೆಯಿಟ್ಟು ಬಿಟ್ಟ ಗಾಳಿಯಿಂದ ಉತ್ಕರ್ಷಿಸಿ, ಹತ್ತು ಲಕ್ಷ ಭಾಗದಲ್ಲಿ ಸುಮಾರು 10 ಭಾಗಕ್ಕಿಂತ ಕೆಳಕ್ಕೆ ಇಳಿಸುತ್ತಾರೆ.

ಹೀಗೆ ಶುದ್ಧಗೊಂಡ ಅನಿಲ ಕೋಶವನ್ನು ಸೇರಿದ ಮೇಲೆ ಹೈಡ್ರೋಜನ್ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಬೇರ್ಪಡುತ್ತದೆ. ಪ್ರೋಟಾನ್‌ಗಳು ಪೊರೆಯನ್ನು ದಾಟುತ್ತವೆ, ಎಲೆಕ್ಟ್ರಾನ್‌ಗಳು ತಂತಿಯ ಮೂಲಕ ಸುತ್ತಿ ಬರುತ್ತವೆ, ಆಚೆ ಬದಿಯಲ್ಲಿ ಎರಡೂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತವೆ. ಒಂದು ಕೋಶದಿಂದ ಸಿಗುವುದು ಸುಮಾರು 0.7 ವೋಲ್ಟ್ ಮಾತ್ರ. ಹಾಗಾಗಿ ಹಲವಾರು ಕೋಶಗಳನ್ನು ಒಂದರ ಮೇಲೊಂದು ಪೇರಿಸಿ, ಬಂದ ನೇರ ವಿದ್ಯುತ್ತನ್ನು ಇನ್ವರ್ಟರ್ ಮೂಲಕ ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತಾರೆ.

2011ರಲ್ಲಿ ಮಾರುಕಟ್ಟೆಗೆ ಬಂದ ಘನ ಆಕ್ಸೈಡ್ ಮಾದರಿ (ಪಾಲಿಮರ್ ಪೊರೆಯ ಬದಲು ಸೆರಾಮಿಕ್ ಪದರವಿರುವ ಕೋಶ) 700 ಡಿಗ್ರಿಯ ಸುಮಾರಿನಲ್ಲಿ ನಡೆಯುವುದರಿಂದ, ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಕೂಡ ಇಂಧನವೇ.

ಇದನ್ನು ಇಂಗಾಲವಿಲ್ಲದ ವಿದ್ಯುತ್ ಎನ್ನುವುದು ತಪ್ಪು. ಮೀಥೇನಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆದರೆ, ರಾಸಾಯನಿಕ ಲೆಕ್ಕದಂತೆಯೇ ಕನಿಷ್ಠ 5.5 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ನಿಜವಾದ ಲಾಭವಿರುವುದು ಶಾಖದ ಬಳಕೆಯಲ್ಲಿ: ಪೊರೆಯ ಮಾದರಿಯಲ್ಲಿ ಅನಿಲದ ಶಕ್ತಿಯ ಸುಮಾರು ಶೇ 40ರಷ್ಟು ವಿದ್ಯುತ್ತಾದರೆ, ಉಳಿದುದರ ಬಹುಪಾಲು ತೊಟ್ಟಿಯ ನೀರನ್ನು ಕಾಯಿಸುತ್ತದೆ. ಆದ್ದರಿಂದ ದಿನವೂ ಬಿಸಿನೀರಿಗೆ ಬೇಡಿಕೆಯಿರುವ ಮನೆಗೆ ಮಾತ್ರ ಇದು ಹೊಂದುತ್ತದೆ. ತೊಟ್ಟಿ ತುಂಬಿದರೆ ಈ ಮಾದರಿಯ ಯಂತ್ರ ವಿದ್ಯುತ್ ಉತ್ಪಾದನೆಯನ್ನೇ ನಿಲ್ಲಿಸುತ್ತದೆ.